ಮಗನ ಕಂಪ್ಯೂಟರ್, ಅಪ್ಪನ ಕಾರು: ಎನರ್ಜಿ ಸೋರುತ್ತಿರುವುದು ಎಲ್ಲಿ?

ಪ್ರಶ್ನೆ: ಸರ್, ನಾವಿರುವುದು ಮೈಸೂರಿನ ವಿಜಯನಗರದಲ್ಲಿ, ಸ್ವಂತ ಮನೆ. ನನ್ನ ಕೆಲಸ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ. ಹೋಗಿ ಬರಲು ದಿನಕ್ಕೆ 55 ಕಿ.ಮೀ. ಆಗುತ್ತದೆ. 2013ರ ಪೆಟ್ರೋಲ್ ಕಾರು, ಈಗ ಲೀಟರಿಗೆ 14 ಕೊಡುತ್ತಿದೆ. ಬದಲಾಯಿಸಬೇಕು ಅಂತಿದ್ದೇನೆ. ಶೋರೂಮಿನವರು ಡೀಸೆಲ್ ಎಸ್‌ಯುವಿ ತೋರಿಸುತ್ತಾರೆ, ಭಾವಮೈದ ಎಲೆಕ್ಟ್ರಿಕ್ ತಗೊಳ್ಳಿ ಅನ್ನುತ್ತಾನೆ, ಆಫೀಸಿನಲ್ಲಿ ಹೈಬ್ರಿಡ್ಡೇ ಸರಿ ಅನ್ನುತ್ತಾರೆ. ಇದರ ನಡುವೆ ಮಗ ಎಂಜಿನಿಯರಿಂಗ್ ಸೇರಿದ್ದಾನೆ. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಬೇಕಂತೆ. ಕೊಟೇಶನ್‌ನಲ್ಲಿ 750 ವ್ಯಾಟ್ ಎಸ್‌ಎಂಪಿಎಸ್ ಅಂತ ಇದೆ. ಅಷ್ಟು ವ್ಯಾಟ್ ಅಂದರೆ ಇಸ್ತ್ರಿ ಪೆಟ್ಟಿಗೆಯನ್ನು ದಿನವಿಡೀ ಆನ್ ಮಾಡಿಟ್ಟ ಹಾಗೆ ಅಲ್ವಾ? ನಮಗೆ ಗೃಹಜ್ಯೋತಿ ಇದೆ, ತಿಂಗಳಿಗೆ 155 ಯೂನಿಟ್ ಆಸುಪಾಸು ಖರ್ಚಾಗುತ್ತದೆ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಅದೇ ಭಯ. ಹಳೆಯ ಡೆಸ್ಕ್‌ಟಾಪೇ ಸಾಕು ಅಂತ ಹೇಳಿಬಿಡಲೇ? ಕಂಪನಿ ಬಸ್ ಇದೆ, ಆದರೆ ಸ್ಟಾಪಿಗೆ ಒಂದೂವರೆ ಕಿ.ಮೀ. ನಡೆಯಬೇಕು.

ಉತ್ತರ: ನಿಮ್ಮ ಪತ್ರದಲ್ಲಿ ಮಗನ ಕಂಪ್ಯೂಟರ್ ಬಗ್ಗೆ ಅರ್ಧ ಪುಟ ಇದೆ. ಬಸ್ಸಿನ ಬಗ್ಗೆ ಕೊನೆಯಲ್ಲಿ ಒಂದೇ ಸಾಲು. ಎನರ್ಜಿ ಲೆಕ್ಕದಲ್ಲಿ ನೋಡಿದರೆ ಇದು ತಿರುಗುಮುರುಗು. ಯಾಕೆ ಅಂತ ಹೇಳುತ್ತೇನೆ.

ಕರೆಂಟನ್ನು ಯೂನಿಟ್‌ನಲ್ಲಿ (ಸಾವಿರ ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್), ಪೆಟ್ರೋಲನ್ನು ಲೀಟರ್‌ನಲ್ಲಿ ಅಳೆಯುವುದು ನಮಗೆಲ್ಲ ರೂಢಿ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಇಲ್ಲ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿ ಇರುತ್ತದೆ. ನೀವು ತಿಂಗಳಿಗೆ 25 ದಿನ ಕೆಲಸಕ್ಕೆ ಹೋಗುತ್ತೀರಿ, ಭಾನುವಾರದ ಓಡಾಟವನ್ನೂ ಸೇರಿಸಿ 1,500 ಕಿ.ಮೀ. ಅಂತ ಇಟ್ಟುಕೊಳ್ಳೋಣ. 14ರ ಮೈಲೇಜಿನಲ್ಲಿ 107 ಲೀಟರ್ ಆಯಿತು. ಅಂದರೆ 960 ಯೂನಿಟ್. ಫ್ರಿಜ್, ಫ್ಯಾನ್, ಗೀಸರ್, ಮಿಕ್ಸಿ, ಟಿವಿ ಎಲ್ಲ ಸೇರಿ ನಿಮ್ಮ ಇಡೀ ಮನೆ ತಿಂಗಳಿಗೆ ತಿನ್ನುವುದು 155. ಗೇಟಿನ ಒಳಗೆ ಸುಮ್ನೆ ನಿಂತಿರುವ ಆ ಕಾರು ಅದರ ಆರು ಪಟ್ಟು ತಿನ್ನುತ್ತಿದೆ.

ಆದರೂ ಕಂಪ್ಯೂಟರಿನಿಂದಲೇ ಶುರು ಮಾಡುತ್ತೇನೆ, ನಿಮ್ಮ ಭಯ ಇರುವುದು ಅಲ್ಲೇ.

ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ. 750 ವ್ಯಾಟ್ ಅನ್ನುವುದು ಅದರ ತಾಕತ್ತು, ಹಸಿವಲ್ಲ. ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಇದೆ ಅಂತ ದಿನಾ 20 ಲೀಟರ್ ಕುಡಿಯುತ್ತೀರಾ? ಒಳಗಿನ ಪ್ರೊಸೆಸರ್, ಕಾರ್ಡ್, ಫ್ಯಾನ್ ಎಷ್ಟು ಕೇಳುತ್ತವೋ ಅಷ್ಟನ್ನೇ ಅದು ಗೋಡೆಯಿಂದ ಎಳೆಯುತ್ತದೆ, ತನ್ನ ಪಾಲಿಗೆ ಒಂದಿಷ್ಟು ಬಿಸಿ ಮಾಡಿ ಕಳೆಯುತ್ತದೆ. ನಾನು ಎನರ್ಜಿ ಆಡಿಟ್‌ಗೆ ಹೋಗುವಾಗ ಬ್ಯಾಗಿನಲ್ಲಿ ಸಣ್ಣ ಪ್ಲಗ್ ಮೀಟರ್ ಒಂದು ಇರುತ್ತದೆ. ಸಾಕೆಟ್ಟಿಗೂ ಪ್ಲಗ್ಗಿಗೂ ನಡುವೆ ಸಿಕ್ಕಿಸಿದರೆ ಆಯಿತು. ಹೋದ ವರ್ಷ ಕುವೆಂಪುನಗರದಲ್ಲಿ ಸ್ನೇಹಿತರ ಮನೆಗೆ ಊಟಕ್ಕೆ ಹೋದಾಗ ಅವರ ಮಗನ ಡೆಸ್ಕ್‌ಟಾಪ್‌ಗೆ ಇದನ್ನೇ ಹಾಕಿ ತೋರಿಸಿದೆ. ಅದೂ 750 ವ್ಯಾಟ್ ಎಸ್‌ಎಂಪಿಎಸ್ಸೇ. ಬ್ರೌಸರ್ ತೆರೆದು ಸುಮ್ನೆ ಓದುವಾಗ ಮೀಟರಿನಲ್ಲಿ 68. ವಿಡಿಯೊ ಹಾಕಿದರೆ 75. ಗೇಮ್ ಶುರು ಮಾಡಿದ ತಕ್ಷಣ ಫ್ಯಾನ್ ಸದ್ದು ಏರಿತು, ಅಂಕಿ 300 ದಾಟಿ 340ರ ಹತ್ತಿರ ಕುಣಿಯತೊಡಗಿತು. ಶಟ್‌ಡೌನ್ ಮಾಡಿ ಸ್ವಿಚ್ ಹಾಗೇ ಬಿಟ್ಟರೆ 2. ಒಮ್ಮೆಯೂ ಅದು 350 ಮುಟ್ಟಲಿಲ್ಲ.

ಈಗ ನಿಮ್ಮ ಮಗನ ಲೆಕ್ಕ. ದಿನಕ್ಕೆ ಎರಡು ಗಂಟೆ ಗೇಮ್, ಐದು ಗಂಟೆ ಕೋಡಿಂಗ್, ಕ್ಲಾಸು, ವಿಡಿಯೊ. ಮಾನಿಟರ್‌ಗೆ ಒಂದು 25 ವ್ಯಾಟ್. ಎಲ್ಲ ಸೇರಿ ದಿನಕ್ಕೆ ಒಂದೂಕಾಲು ಯೂನಿಟ್, ತಿಂಗಳಿಗೆ 38 ಯೂನಿಟ್ ಆಸುಪಾಸು. ನಿಮ್ಮ 155ಕ್ಕೆ ಸೇರಿಸಿದರೆ 193. ಹಾಗಾಗಿ ಭಯ ಪೂರ್ತಿ ಸುಳ್ಳಲ್ಲ, ಅಂಚಿಗೆ ಬಂದು ನಿಲ್ಲುತ್ತೀರಿ. ಗೃಹಜ್ಯೋತಿಯಲ್ಲಿ ನಿಮಗೆ ಸಿಗುವ ಉಚಿತ ಯೂನಿಟ್‌ಗಳ ಮಿತಿಯನ್ನು 2022-23ರ ಸರಾಸರಿಗೆ 10% ಸೇರಿಸಿ ಹಾಕಿದ್ದಾರೆ. ಅದಕ್ಕಿಂತ ಮೇಲೆ, 200ರ ಒಳಗೆ ಬಳಸಿದರೆ ಜಾಸ್ತಿಯಾದ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್. ಏಪ್ರಿಲ್‌ನಲ್ಲಿ ಎರಡು ಫ್ಯಾನ್ ರಾತ್ರಿಯಿಡೀ ತಿರುಗಿದರೆ ನೀವು ಆಚೆ ಬೀಳುವ ಸಾಧ್ಯತೆ ಇದೆ.

ಆದರೆ ಇಲ್ಲಿ ನಿಜವಾದ ಕಳ್ಳ ಗೇಮ್ ಅಲ್ಲ. ರಾತ್ರಿ ಏನೋ ಡೌನ್‌ಲೋಡ್ ಹಾಕಿ, ಮಾನಿಟರ್ ಮಾತ್ರ ಆಫ್ ಮಾಡಿ ಮಲಗುವುದು. ಸಿಸ್ಟಂ ಹತ್ತು ಗಂಟೆ 65 ವ್ಯಾಟ್ ಎಳೆಯುತ್ತಾ ಕೂತರೆ ತಿಂಗಳಿಗೆ 20 ಯೂನಿಟ್ ಹೋಯಿತು, ಯಾರಿಗೂ ಉಪಯೋಗವಿಲ್ಲದೆ. ಸ್ಲೀಪ್‌ಗೆ ಹಾಕಿದರೆ 2-3 ವ್ಯಾಟ್‌ಗೆ ಇಳಿಯುತ್ತದೆ. ಪದೇ ಪದೇ ಆಫ್ ಮಾಡಿದರೆ ಹಾಳಾಗುತ್ತದೆ ಅನ್ನುವ ಮಾತು ಹಳೆಯ ಕಾಲದ್ದು. ಸ್ಕ್ರೀನ್‌ಸೇವರ್ ಕರೆಂಟ್ ಉಳಿಸುತ್ತದೆ ಅನ್ನುವುದೂ ಅಷ್ಟೇ. ಅದು ಬಂದಿದ್ದು ಹಳೆಯ ಡಬ್ಬಾ ಮಾನಿಟರಿನ ಪರದೆಯಲ್ಲಿ ಕಲೆ ಉಳಿಯದಿರಲಿ ಅಂತ.

ಕೊಳ್ಳುವಾಗ ನೋಡಬೇಕಾದ್ದು ಕಾರ್ಡಿನ ವ್ಯಾಟ್. ಆರ್‌ಟಿಎಕ್ಸ್ 4060 ಕಾರ್ಡಿನ ಗರಿಷ್ಠ 115 ವ್ಯಾಟ್. ಅದಕ್ಕಿಂತ ಒಂದು ತಲೆಮಾರು ಹಿಂದಿನ 3070 ಕಾರ್ಡಿಗೆ 220 ಬೇಕು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ ಅಂತ ಹುಡುಗರು ಓಡುತ್ತಾರೆ. ತಪ್ಪಲ್ಲ, ಆದರೆ ಆ ಅಗ್ಗದ ಒಂದು ಪಾಲನ್ನು ಆಮೇಲೆ ಬಿಲ್ಲಿನಲ್ಲಿ, ಕೋಣೆಯ ಸೆಕೆಯಲ್ಲಿ ತೀರಿಸಬೇಕು. ಇನ್ನೊಂದು ಕಾಸಿಲ್ಲದ ಉಪಾಯ ಮಗನಿಗೆ ಹೇಳಿ. ಮಾನಿಟರ್ 60 ಹರ್ಟ್ಸ್‌ನದಾದರೆ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು) ಗೇಮಿನಲ್ಲೂ ಸೆಕೆಂಡಿಗೆ 60 ಫ್ರೇಮ್ ಸಾಕು ಅಂತ ಮಿತಿ ಹಾಕಲಿ. ಮಿತಿ ಇಲ್ಲದಿದ್ದರೆ ಕಾರ್ಡ್ 140 ಫ್ರೇಮ್ ಬಿಡಿಸುತ್ತಾ ಬೆವರುತ್ತದೆ, ಪರದೆಯಲ್ಲಿ ಕಾಣುವುದು ಮಾತ್ರ 60.

ಅಂಗಡಿಯವರು 80 ಪ್ಲಸ್ ಗೋಲ್ಡ್ ಎಸ್‌ಎಂಪಿಎಸ್ ತಗೊಳ್ಳಿ, ಕರೆಂಟ್ ಉಳಿಯುತ್ತೆ ಅನ್ನುತ್ತಾರೆ. ಉಳಿಯುತ್ತದೆ, ಸುಳ್ಳಲ್ಲ. ಬ್ರಾಂಜ್ ಸುಮಾರು 85% ದಕ್ಷತೆಯದ್ದು, ಗೋಲ್ಡ್ 90%. ನಿಮ್ಮ ಮಗನ ಬಳಕೆಗೆ ಲೆಕ್ಕ ಹಾಕಿದರೆ ತಿಂಗಳಿಗೆ 2 ಯೂನಿಟ್ ವ್ಯತ್ಯಾಸ. ಹನ್ನೆರಡು-ಹದಿಮೂರು ರೂಪಾಯಿ. ಅದಕ್ಕಾಗಿ ಎರಡು ಸಾವಿರ ಜಾಸ್ತಿ ಕೊಟ್ಟರೆ ವಾಪಸ್ ಬರಲು ಹದಿಮೂರು ವರ್ಷ ಬೇಕು! ಒಳ್ಳೆಯ ಬಿಡಿಭಾಗ, ಉದ್ದದ ವಾರಂಟಿ ಬೇಕು ಅಂತಿದ್ದರೆ ಗೋಲ್ಡ್ ತಗೊಳ್ಳಿ, ಕರೆಂಟಿನ ಹೆಸರಿನಲ್ಲಿ ಬೇಡ. ಕ್ಯಾಬಿನೆಟ್ ಜೊತೆ ಫ್ರೀ ಬರುವ, ಹೆಸರೂರಿಲ್ಲದ ಎಸ್‌ಎಂಪಿಎಸ್ ಮಾತ್ರ ಖಂಡಿತ ಬೇಡ, ಅದು ಸುಟ್ಟರೆ ಒಂದೇ ಸುಡುವುದಿಲ್ಲ. ಹಾಗೇ ಮನೆಯಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ಗೇಮ್ ನಡುವೆ ಕರೆಂಟ್ ಹೋದರೆ ಅದು ಕುಂಯ್ ಅಂತ ಕೂಗಿ ಕೈಚೆಲ್ಲಬಹುದು.

ಲ್ಯಾಪ್‌ಟಾಪ್ ಆದರೆ? ಓದುವಾಗ 25 ವ್ಯಾಟ್, ಗೇಮಿಂಗ್ ಮಾದರಿಯಾದರೆ ಗೇಮ್ ಹೊತ್ತಿನಲ್ಲಿ 120. ತಿಂಗಳಿಗೆ 11 ಯೂನಿಟ್ ಮುಗಿಯಿತು. ಬರೀ ಯೂನಿಟ್ ನೋಡಿದರೆ ಲ್ಯಾಪ್‌ಟಾಪೇ ಗೆಲ್ಲುತ್ತದೆ. ಆದರೆ ಇಲ್ಲಿ ಬಹಳ ಜನ ಮರೆಯುವ ಸಂಗತಿ ಒಂದಿದೆ. ಕಾರು ತನ್ನ ಜೀವಮಾನದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ರಸ್ತೆಯ ಮೇಲೆ ಸುಡುತ್ತದೆ. ಲ್ಯಾಪ್‌ಟಾಪ್ ಉಲ್ಟಾ. ಚಿಪ್, ಪರದೆ, ಬ್ಯಾಟರಿ ತಯಾರಾಗುವಾಗಲೇ ಅದರ ದೊಡ್ಡ ಪಾಲು ಖರ್ಚಾಗಿ ಹೋಗಿರುತ್ತದೆ, ನಾವು ಆನ್ ಮಾಡುವ ಮೊದಲೇ. ಹಾಗಾಗಿ ಎರಡಕ್ಕೂ ಒಂದೇ ಸೂತ್ರ ಹಾಕಬಾರದು. ದಿನಾ ಓಡುವ ಹಳೆಯ ಕಾರನ್ನು ಬದಲಾಯಿಸುವುದರಲ್ಲಿ ಅರ್ಥವಿದೆ. ಕಂಪ್ಯೂಟರನ್ನು ಮಾತ್ರ ಎಷ್ಟು ವರ್ಷ ಎಳೆಯಲು ಆಗುತ್ತದೋ ಅಷ್ಟು ಎಳೆಯಬೇಕು. ಡೆಸ್ಕ್‌ಟಾಪ್‌ನ ಲಾಭ ಇರುವುದು ಅಲ್ಲಿ. ನಾಲ್ಕು ವರ್ಷದ ನಂತರ ರ‍್ಯಾಮ್ ಸೇರಿಸಬಹುದು, ಕಾರ್ಡ್ ಒಂದನ್ನೇ ಬದಲಾಯಿಸಬಹುದು. ಹಳೆಯ ಡೆಸ್ಕ್‌ಟಾಪ್ ಸಾಕಾ ಅಂತ ಕೇಳಿದ್ದೀರಿ. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ ಒಂದು ತಿಂಗಳು ನೋಡಿ. ಮೊದಲ ವರ್ಷದ ಪ್ರೋಗ್ರಾಮಿಂಗ್‌ಗೆ ಅದು ಧಾರಾಳ ಸಾಕು. ಗೇಮಿಗೆ ಸಾಕಾಗುವುದಿಲ್ಲ, ಅದು ನಿಮ್ಮ ಮನೆಯ ವಿಷಯ, ನಾನು ತಲೆ ಹಾಕುವುದಿಲ್ಲ.

ಇನ್ನು ಕಾರು.

ಡೀಸೆಲ್ ಎಸ್‌ಯುವಿ ನಿಮಗೆ ಬೇಡ. ಈಗಿನ ಮಾಲಿನ್ಯ ನಿಯಮದ ಬಿಎಸ್6 ಡೀಸೆಲ್‌ನಲ್ಲಿ ಹೊಗೆಯ ಫಿಲ್ಟರ್ ಕಟ್ಟಿಕೊಳ್ಳುತ್ತದೆ ಅಂತ ಹೆದರಿಸುತ್ತಾರೆ. ಅದು ದಿನಾ ಮೂರು-ನಾಲ್ಕು ಕಿ.ಮೀ. ಮಾತ್ರ ಓಡಿಸುವವರ ಸಮಸ್ಯೆ. ನಂಜನಗೂಡು ರಸ್ತೆಯಲ್ಲಿ 27 ಕಿ.ಮೀ. ಒಂದೇ ಸಮನೆ ಓಡುವ ನಿಮಗೆ ಅದು ಬಾಧಿಸುವುದಿಲ್ಲ. ನನ್ನ ತಕರಾರು ಇರುವುದು ಆ ಗಾತ್ರದ ಬಗ್ಗೆ. ಒಂದೂವರೆ ಟನ್ ಕಬ್ಬಿಣವನ್ನು ಒಬ್ಬ ಮನುಷ್ಯನಿಗಾಗಿ ಎಳೆದುಕೊಂಡು ಹೋಗುವುದು. ಊರೊಳಗೆ ತೂಕ ಮೈಲೇಜ್ ತಿನ್ನುತ್ತದೆ, ಹೆದ್ದಾರಿಯಲ್ಲಿ ಎತ್ತರದ ಮುಂಭಾಗ ಗಾಳಿಯನ್ನು ತಳ್ಳಬೇಕು. ಅದು 15 ಕೊಟ್ಟರೂ ತಿಂಗಳಿಗೆ 100 ಲೀಟರ್, ಡೀಸೆಲ್ ಲೀಟರಿನಲ್ಲಿ ಶಕ್ತಿ ಇನ್ನೂ ಜಾಸ್ತಿ, ಸುಮಾರು 10 ಯೂನಿಟ್. ಅಂದರೆ 1,000 ಯೂನಿಟ್! ಹೊಸ ಕಾರು ಕೊಂಡು ಹಳೆಯ ಜಾಗದಲ್ಲೇ ನಿಂತ ಹಾಗಾಯಿತು.

ಶೋರೂಮಿನಲ್ಲಿ ತೋರಿಸುವ ಎಆರ್‌ಎಐ ಮೈಲೇಜ್, ಅಂದರೆ ವಾಹನ ಪರೀಕ್ಷಾ ಸಂಸ್ಥೆ ಅಳೆದ ಅಂಕಿ, ಮೋಸ ಅಂತ ಬಹಳ ಜನ ನನ್ನ ಹತ್ತಿರ ಸಿಟ್ಟಾಗುತ್ತಾರೆ. ಮೋಸ ಅಲ್ಲ. ಕಾರನ್ನು ಲ್ಯಾಬಿನಲ್ಲಿ ರೋಲರ್ ಮೇಲೆ ನಿಲ್ಲಿಸಿ, ನಿಗದಿ ಮಾಡಿದ ವೇಗದಲ್ಲಿ ಓಡಿಸಿ ಅಳೆದದ್ದು. ವೇಗ 90 ದಾಟುವುದಿಲ್ಲ, ಗುಂಡಿ ಇಲ್ಲ, ಎದುರು ಬರುವ ಕಬ್ಬಿನ ಲಾರಿ ಇಲ್ಲ. ಎರಡು ಕಾರನ್ನು ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ. ನಿಮ್ಮ ಖರ್ಚಿನ ಲೆಕ್ಕಕ್ಕೆ ಅದರಲ್ಲಿ ಮುಕ್ಕಾಲು ಭಾಗ ಮಾತ್ರ ಹಿಡಿಯಿರಿ. ಈಗಿನ ಇ20 ಪೆಟ್ರೋಲ್ ಬೇರೆ. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಅದನ್ನು 20% ಬೆರೆಸಿದಾಗ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ.

ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡರೆ ನಿಮ್ಮ ರಸ್ತೆಯಲ್ಲಿ 19 ಬರುತ್ತದೆ ಅಂದುಕೊಳ್ಳಿ. ತಿಂಗಳಿಗೆ 79 ಲೀಟರ್, ಸುಮಾರು 710 ಯೂನಿಟ್. ರಿಸ್ಕ್ ಕಡಿಮೆ, ಎಲ್ಲಿ ಬೇಕಾದರೂ ರಿಪೇರಿಯಾಗುತ್ತದೆ. ಆಟೊಮ್ಯಾಟಿಕ್ ಅಂದರೆ ಪೆಟ್ರೋಲ್ ಜಾಸ್ತಿ ಅಂತ ಭಯಪಡಬೇಡಿ, ಎಎಂಟಿ ಗೇರ್‌ಬಾಕ್ಸ್ ಅಂದರೆ ಮ್ಯಾನುಯಲ್ ಪೆಟ್ಟಿಗೆಯೇ, ಕ್ಲಚ್ಚನ್ನು ಯಂತ್ರ ಒತ್ತುತ್ತದೆ ಅಷ್ಟೇ.

ಹೈಬ್ರಿಡ್ ವಿಷಯದಲ್ಲಿ ನಿಮ್ಮ ಆಫೀಸಿನವರು ಹೇಳಿದ್ದು ಅರ್ಧ ಸರಿ. ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗೆ 27.97 ಅಂತ ಅಧಿಕೃತ ಮೈಲೇಜ್ ಇದೆ, ಅಷ್ಟು ದೊಡ್ಡ ಕಾರಿಗೆ ಅದು ದೊಡ್ಡ ಮಾತು. ಆದರೆ ಹೈಬ್ರಿಡ್ ಉಳಿಸುವುದು ಬ್ರೇಕ್ ಹಾಕಿದಾಗ ಬರುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಂಡು, ನಿಂತಾಗ ಎಂಜಿನ್ ಆರಿಸಿ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ತೆವಳುವವರಿಗೆ ಅದು ವರ. ಚಾಮುಂಡಿ ಬೆಟ್ಟದ ಪಕ್ಕ ಹಾದು ಒಂದೇ ಸಮ ಎಪ್ಪತ್ತರಲ್ಲಿ ಹೋಗುವ ನಿಮಗೆ ಬ್ರೇಕೇ ಕಡಿಮೆ, ಉಳಿತಾಯವೂ ಕಡಿಮೆ. 21 ಬಂದರೆ 71 ಲೀಟರ್. ಸಣ್ಣ ಪೆಟ್ರೋಲ್ ಕಾರಿಗಿಂತ 8 ಲೀಟರ್ ಉಳಿಸಲು ಲಕ್ಷಗಟ್ಟಲೆ ಜಾಸ್ತಿ ಕೊಡುತ್ತೀರಿ. ಅಪ್ಪ-ಅಮ್ಮನನ್ನು ಕೂರಿಸಿಕೊಂಡು ತಿಂಗಳಿಗೆರಡು ಸಲ ದೂರದ ಊರಿಗೆ ಹೋಗುವವರಾದರೆ ಮಾತು ಬೇರೆ.

ಎಲೆಕ್ಟ್ರಿಕ್ ಸಣ್ಣ ಕಾರು ಚಾರ್ಜಿಂಗ್‌ನಲ್ಲಿ ಕಳೆದುಹೋಗುವುದನ್ನೂ ಸೇರಿಸಿ 100 ಕಿ.ಮೀ.ಗೆ 14 ಯೂನಿಟ್ ತಗೊಳ್ಳುತ್ತದೆ ಅಂತ ಹಿಡಿಯಿರಿ. ತಿಂಗಳಿಗೆ 210 ಯೂನಿಟ್. 960 ಎಲ್ಲಿ, 210 ಎಲ್ಲಿ. ಕಾರಣ ಸರಳ. ಪೆಟ್ರೋಲ್ ಎಂಜಿನ್ ತನಗೆ ಸಿಕ್ಕ ಶಕ್ತಿಯಲ್ಲಿ ಮುಕ್ಕಾಲು ಪಾಲನ್ನು ರೇಡಿಯೇಟರಿನಿಂದ, ಸೈಲೆನ್ಸರಿನಿಂದ ಬಿಸಿಯಾಗಿ ಹೊರಗೆ ಬಿಡುತ್ತದೆ. ಮೋಟರ್ ಹಾಗಲ್ಲ.

ಹಾಗಂತ ಭಾವಮೈದ ಹೇಳುವ ಹಾಗೆ ಹೊಗೆಯೇ ಇಲ್ಲ ಅನ್ನಬೇಡಿ, ಹೊಗೆ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ರಾಯಚೂರಿನಲ್ಲಿ ಬರುತ್ತದೆ. ದೇಶದ ಸರಾಸರಿ ತೆಗೆದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. 210 ಯೂನಿಟ್‌ಗೆ 150 ಕೆ.ಜಿ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆ.ಜಿ. ಬರುತ್ತದೆ, ಅಂದರೆ ಈಗಿನ ನಿಮ್ಮ ಕಾರು 246, ಹೊಸ ಸಣ್ಣ ಪೆಟ್ರೋಲ್ ಕಾರು 182. ಅಷ್ಟೇನಾ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? ಪೆಟ್ರೋಲ್ ತೆಗೆಯಲು, ಶುದ್ಧ ಮಾಡಲು ಆಗುವ ಖರ್ಚು ಇದರಲ್ಲಿ ಸೇರಿಲ್ಲ. ಶರಾವತಿಯ ನೀರು, ಚಿತ್ರದುರ್ಗದ ಗಾಳಿ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಇರುವ ನಮ್ಮ ರಾಜ್ಯದಲ್ಲಿ ಲೆಕ್ಕ ಇನ್ನೂ ಸ್ವಲ್ಪ ಹಗುರ. ಆದರೂ ಪವಾಡ ಅಂತ ಹೇಳಲಾರೆ. ಚಾವಣಿಯ ಮೇಲೆ ಸೋಲಾರ್ ಹಾಕಿಸುವ ಯೋಚನೆ ಇದ್ದರೆ 3 ಕಿಲೋವ್ಯಾಟ್‌ಗೆ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಬ್ಸಿಡಿ ಇದೆ, ಆಗ ಚಿತ್ರವೇ ಬದಲಾಗುತ್ತದೆ.

ಈಗ ಆ 200ರ ಗೆರೆ. ಎಲೆಕ್ಟ್ರಿಕ್ ಕಾರನ್ನು ಮನೆಯ ಮೀಟರಿನಲ್ಲೇ ಚಾರ್ಜ್ ಮಾಡಿದರೆ 365 ಯೂನಿಟ್ ಆಗುತ್ತದೆ, ಉಚಿತ ಕರೆಂಟ್ ಹೋಯಿತು. ತಿಂಗಳಿಗೆ ಎರಡೂವರೆ ಸಾವಿರ ಆಸುಪಾಸು ಬಿಲ್ ಬರಬಹುದು. ಆದರೆ ಈಗ ನೀವು ಬಂಕಿನಲ್ಲಿ ಕೊಡುತ್ತಿರುವುದು ಹನ್ನೊಂದು ಸಾವಿರ. ಸೊನ್ನೆ ಬಿಲ್ ಉಳಿಸಿಕೊಳ್ಳಬೇಕು ಅಂತ ಹನ್ನೊಂದು ಸಾವಿರದ ಪೆಟ್ರೋಲ್ ಹಾಕಿಸುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಇವಿ ಚಾರ್ಜಿಂಗ್‌ಗೆ ಬೇರೆ ದರಪಟ್ಟಿ ಇದೆ. ನಿಮ್ಮ ಮನೆಗೆ ಪ್ರತ್ಯೇಕ ಮೀಟರ್ ಕೊಡುತ್ತಾರಾ ಅಂತ ಸೆಸ್ಕ್ (ಮೈಸೂರು ಭಾಗದ ವಿದ್ಯುತ್ ಕಂಪನಿ) ಕಚೇರಿಯಲ್ಲಿ ವಿಚಾರಿಸಿ. ಕೊಟ್ಟರೆ ಗೃಹಜ್ಯೋತಿಗೂ ಧಕ್ಕೆ ಇಲ್ಲ.

ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಮೂರು ಲಕ್ಷ ಜಾಸ್ತಿ ಕೊಟ್ಟರೂ ನಿಮ್ಮ ಓಡಾಟದಲ್ಲಿ ಅದು ನಾಲ್ಕೂವರೆ ವರ್ಷದಲ್ಲಿ ವಾಪಸ್. ತಿಂಗಳಿಗೆ 400 ಕಿ.ಮೀ. ಓಡಿಸುವವರು ಇದೇ ಪ್ರಶ್ನೆ ಕೇಳಿದ್ದರೆ ಹಳೆಯ ಕಾರನ್ನೇ ಇಟ್ಟುಕೊಳ್ಳಿ ಅನ್ನುತ್ತಿದ್ದೆ. ರಿಸ್ಕ್ ಏನು? ಕಂಪನಿ ಹೇಳುವ ರೇಂಜ್‌ನಲ್ಲಿ ಮೂರನೇ ಎರಡು ಭಾಗ ನಂಬಿ. ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುತ್ತದೆ, ಷರತ್ತು ಓದಿಕೊಳ್ಳಿ. ಮರುಮಾರಾಟದ ಬೆಲೆ ಪೆಟ್ರೋಲ್ ಕಾರಿನಷ್ಟು ಗಟ್ಟಿಯಿಲ್ಲ. ಇಷ್ಟಕ್ಕೆ ಒಪ್ಪಿಗೆ ಇದ್ದರೆ, ಸ್ವಂತ ಪೋರ್ಟಿಕೊ ಇರುವ, ದಿನಾ ಒಂದೇ 55 ಕಿ.ಮೀ. ಓಡಿಸುವ ನಿಮಗೆ ನನ್ನ ವೋಟು ಸಣ್ಣ ಎಲೆಕ್ಟ್ರಿಕ್ ಕಾರಿಗೇ.

ಯಾವ ಕಾರಾದರೂ, ಈ ಒಂದು ಚಾಳಿ ಇದ್ದರೆ ಬಿಡಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು. ಹಳೆಯ ಕಾರ್ಬ್ಯುರೇಟರ್ ಕಾಲದಲ್ಲಿ ನಾನೂ ಚಾರ್ಮಾಡಿಯಲ್ಲಿ ಹೀಗೆ ಇಳಿದು, ಕೆಳಗೆ ಬರುವಷ್ಟರಲ್ಲಿ ಬ್ರೇಕಿನ ಸುಟ್ಟ ವಾಸನೆ ಕುಡಿದು ಬುದ್ಧಿ ಕಲಿತವನು. ಈಗಿನ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಪೂರೈಕೆಯನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಆರದೆ ಉಳಿಯಲು ಪೆಟ್ರೋಲ್ ಕುಡಿಯುತ್ತದೆ. ಇನ್ನು 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ, 27 ಕಿ.ಮೀ.ಗೆ ಉಳಿಯುವುದು ನಾಲ್ಕು ನಿಮಿಷ.

ಬಸ್ಸಿಗೆ ಬರುತ್ತೇನೆ. ವಾರಕ್ಕೆ ಎರಡೇ ದಿನ ಆ ಒಂದೂವರೆ ಕಿ.ಮೀ. ನಡೆದು ಕಂಪನಿ ಬಸ್ ಹತ್ತಿದರೆ ಈಗಿನ ಕಾರಿನಲ್ಲೇ ತಿಂಗಳಿಗೆ 34 ಲೀಟರ್ ಉಳಿಯುತ್ತದೆ, 300 ಯೂನಿಟ್. ಅಷ್ಟರಲ್ಲಿ ನಿಮ್ಮ ಮಗನ ಡೆಸ್ಕ್‌ಟಾಪ್, ಗೇಮ್ ಸಮೇತ, ಎಂಟು ತಿಂಗಳ ಹತ್ತಿರ ಓಡುತ್ತದೆ. ಇದನ್ನು ಅವನಿಗೆ ತೋರಿಸಬೇಡಿ, ನಾಳೆಯಿಂದ ನಿಮ್ಮನ್ನು ನಡೆಸಿಯೇ ಬಿಡುತ್ತಾನೆ.

ಕೊನೆಗೆ, ಎಲೆಕ್ಟ್ರಿಕ್ ಕಾರು ಅಂತ ಗಟ್ಟಿಯಾದರೆ ಬುಕ್ ಮಾಡುವ ಮೊದಲು ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟಿದೆ ನೋಡಿ. 2 ಕಿಲೋವ್ಯಾಟ್ ಅಂತಿದ್ದರೆ ಏರಿಸಲು ಅರ್ಜಿ ಹಾಕಬೇಕು, ನಿಗದಿತ ಶುಲ್ಕ ಸ್ವಲ್ಪ ಏರುತ್ತದೆ. ಚಾರ್ಜರ್ 3 ಕಿಲೋವ್ಯಾಟ್ ಎಳೆಯುವುದು ಗೀಸರ್ ಹಾಗೆ ಹತ್ತು ನಿಮಿಷ ಅಲ್ಲ, ಒಂದೇ ಸಮ ಗಂಟೆಗಟ್ಟಲೆ. ಗೋಡೆಯ ಹಳೆಯ ಸಾಕೆಟ್‌ನ ಒಂದು ಸ್ಕ್ರೂ ಸಡಿಲ ಇದ್ದರೂ ಸಾಕು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗುತ್ತದೆ. ಮೇನ್ ಬೋರ್ಡಿನಿಂದ ಪೋರ್ಟಿಕೊಗೆ ಪ್ರತ್ಯೇಕ ವೈರ್ ಎಳೆಸಿ, ಹೊಸ 16 ಆಂಪಿಯರ್ ಸಾಕೆಟ್, ಅದಕ್ಕೇ ಒಂದು ಎಂಸಿಬಿ ಹಾಕಿಸಿ. ಅರ್ಥಿಂಗ್ ಗುಂಡಿಗೆ ನೀರು ಹಾಕಿ ಎಷ್ಟು ವರ್ಷವಾಯಿತು ಅಂತ ಎಲೆಕ್ಟ್ರಿಷಿಯನ್ ಕೇಳುತ್ತಾರೆ. ಸುಮ್ನೆ ಸರಿ ಇದೆ ಅನ್ನಬೇಡಿ, ಮೀಟರ್ ಹಿಡಿದು ನೋಡಲು ಹೇಳಿ.